ಬಾನೆಟ್ ಕಾಕಾ

ಗದಗ ಸೀಮೆಯ ಕೋಟುಮಚಗಿಯ ಎರೆಹೊಲದಲ್ಲಿ ಕಡಲೆ ಕಾಳುಗಟ್ಟಬೇಕಾದರೆ ಚಳಿ ಬೀಳಲೇಬೇಕು. ಅದೇ ಚಳಿ ಊರಿನ ಹಳೆ ಪೆಟ್ರೋಲ್ ಗಾಡಿಗೆ ಆಗಿಬರುವುದಿಲ್ಲ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಈ ಸೀಮೆಯ ಉಷ್ಣತೆ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಶಿಮ್ಲಾದವರು ಕೇಳಿದರೆ ಅಂಗಿ ಬಿಚ್ಚಿ ಅಡ್ಡಾಡಿಯಾರು. ಆದರೆ ಸವೆದ ಎಂಜಿನ್ನಿಗೆ ಅಷ್ಟೇ ನೆಪ ಸಾಕು. ಸೆಲ್ಫ್ ಹೊಡೆದರೆ ಎರಡು ಸಲ ನರಳುತ್ತದೆ, ಒಮ್ಮೆ ಕೆಮ್ಮುತ್ತದೆ, ಸುಮ್ಮನಾಗುತ್ತದೆ. ಮಾಲೀಕ ಇಳಿದು ಬಾನೆಟ್ ಎತ್ತುತ್ತಾನೆ. ಬಾನೆಟ್ ಎದ್ದಿತೆಂದರೆ ಕಾಕಾ ಬಂದರೆಂದೇ ತಿಳಿಯಿರಿ.

ಕಾಕಾನಿಗೆ ಯಾರೂ ಹೇಳಿಕಳಿಸಿರುವುದಿಲ್ಲ. ತಲೆಗೆ ಮಫ್ಲರ್, ಕೈಯಲ್ಲಿ ಚಹಾದ ಕಪ್ಪು, ನೆಹರೂ ಶರ್ಟಿನ ಕಿಸೆಯಲ್ಲಿ ಹಿಡಿಕೆ ಒಡೆದ ಟೆಸ್ಟರ್. ಸ್ವಂತ ಗಾಡಿ ಇಲ್ಲ. ಗಾಡಿ ಇದ್ದವರಿಗೆ ಇಷ್ಟು ಬಿಡುವೆಲ್ಲಿ? ಹಿಂದೊಮ್ಮೆ ಯಾರದೋ ಲಾರಿಗೆ ಕ್ಲೀನರ್ ಆಗಿದ್ದರೆಂದು ಕೆಲವರು ಹೇಳುತ್ತಾರೆ. ಹುಬ್ಬಳ್ಳಿಯ ಗ್ಯಾರೇಜೊಂದರ ಎದುರು ಚಹಾದಂಗಡಿಯಲ್ಲಿ ಕೂತಿದ್ದೇ ಅವರ ತರಬೇತಿ ಎನ್ನುವವರೂ ಇದ್ದಾರೆ. ಇಂಥವರು ಕೋಟುಮಚಗಿಯೊಂದರ ಸ್ವತ್ತಲ್ಲ. ನರೇಗಲ್ಲಿನಲ್ಲಿ, ಮುಂಡರಗಿಯಲ್ಲಿ, ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡ್ ಎದುರು, ಎಲ್ಲೇ ಗಾಡಿ ನಿಲ್ಲಲಿ, ಒಬ್ಬರಾದರೂ ಸಿಗುತ್ತಾರೆ.

‘ಏನಪಾ, ಚಾಲೂ ಆಗವಲ್ದೇನು?’

‘ಇಲ್ರೀ ಕಾಕಾ. ಗದಗಕ್ಕ ಮೆಣಸಿನಕಾಯಿ ಚೀಲ ಒಯ್ಯೋದೈತಿ, ಹೊತ್ತಾತು.’

‘ಕಾರ್ಬೊರೇಟರಿನ್ಯಾಗ ಕಸಾ ಕುಂತೈತಿ. ಬಿಚ್ಚು.’

ಗಾಡಿಯನ್ನು ಮುಟ್ಟುವ ಮೊದಲೇ ತೀರ್ಪು ಬಂದಾಯಿತು. ಕಾಕಾನ ಶಾಸ್ತ್ರದಲ್ಲಿ ಎಲ್ಲ ರೋಗಕ್ಕೂ ಮೂಲ ಕಾರ್ಬುರೇಟರೇ. ಲೈಟು ಮಂಕಾದರೂ ಅವರ ಕಣ್ಣು ಒಮ್ಮೆ ಅತ್ತಲೇ ಹೋಗುತ್ತದೆ.

ಮೆಣಸಿನಕಾಯಿ ಚೀಲ ಹೊತ್ತು ನಿಂತದ್ದು ಮಹೀಂದ್ರಾದ ಹಳೆ ಪೆಟ್ರೋಲ್ ಜೀಪು. ಹಿಂದಿನ ಸೀಟು ಕಿತ್ತು, ತಗಡಿನ ಬಾಡಿ ಕೂಡಿಸಿ ಪಿಕಪ್ ಮಾಡಿದ್ದು. ಮಹೀಂದ್ರಾದವರು ಅಮೆರಿಕದ ವಿಲ್ಲಿಸ್ ಜೀಪನ್ನು ನಮ್ಮಲ್ಲಿ ಜೋಡಿಸತೊಡಗಿದ್ದು 1940ರ ದಶಕದ ಕೊನೆಗೆ. ಆಮೇಲೆ ಬಂದ ಹರಿಕೇನ್ ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಸುಮಾರು 2,200 ಸಿಸಿ. ಪೆಟ್ರೋಲ್ ದರ ಏರಿದಂತೆ ಬಹಳ ಮಂದಿ ಅದನ್ನು ಕಿತ್ತು ಡೀಸೆಲ್ ಎಂಜಿನ್ ಕೂಡಿಸಿಕೊಂಡರು. ಉಳಿಸಿಕೊಂಡವರು ಹಠಮಾರಿಗಳು, ಇಲ್ಲವೇ ಎಂಜಿನ್ ಬದಲಿಸಲು ಕೈಯಲ್ಲಿ ದುಡ್ಡಿಲ್ಲದವರು. ಈ ಮಾಲೀಕ ಎರಡೂ ಹೌದು.

ಚಳಿಯಲ್ಲಿ ಇಂಥ ಎಂಜಿನ್ ಮೊಂಡು ಬೀಳಲು ಕಾರಣವಿದೆ. ಹತ್ತಿಕೊಳ್ಳುವುದು ದ್ರವ ಪೆಟ್ರೋಲ್ ಅಲ್ಲ, ಅದರ ಆವಿ. ಬಿಸಿ ಎಂಜಿನ್ನಿಗೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಹದಿನಾಲ್ಕೂಮುಕ್ಕಾಲು ಪಾಲು ಗಾಳಿ ಸಾಕು. ತಣ್ಣಗಿದ್ದಾಗ ಹನಿಗಳು ಆವಿಯಾಗದೆ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತವೆ. ಅದಕ್ಕೇ ಚೋಕ್. ಗುಬ್ಬಿ ಎಳೆದರೆ ಕಾರ್ಬುರೇಟರಿನ ಬಾಯಲ್ಲಿರುವ ತಗಡಿನ ಬಿಲ್ಲೆ ಮುಚ್ಚಿ ಗಾಳಿ ತಡೆಯುತ್ತದೆ, ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ ಹಿಡಿದ ಮೇಲೆ ಗುಬ್ಬಿಯನ್ನು ಮೆಲ್ಲಗೆ ಒಳಗೆ ತಳ್ಳಬೇಕು. ಮರೆತರೆ ಕರಿ ಹೊಗೆ, ಮಸಿ ಹಿಡಿದ ಪ್ಲಗ್ಗು, ನಾಳೆ ಬೆಳಗಿಗೆ ಮತ್ತೆ ಕಾಕಾ.

ಈಗ ಪಾನಾ ಬಂತು, ಗೋಣಿತಾಟು ಹಾಸಿದ್ದಾಯಿತು. ಏರ್ ಕ್ಲೀನರ್ ಬಿಚ್ಚಿದರು, ಕಾರ್ಬುರೇಟರ್ ಇಳಿಸಿದರು, ಬಟ್ಟಲಿನ ಮುಚ್ಚಳ ತೆಗೆದರು. ಕಾಕಾ ಜೆಟ್ಟನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಬಾಯಿಂದ ಊದಿ, ‘ನೋಡಿಲ್ಲಿ, ಹೆಂಗ ಕಟ್ಟೈತಿ’ ಎಂದು ಸುತ್ತ ನಿಂತವರಿಗೆ ತೋರಿಸಿದರು. ಯಾರಿಗೂ ಏನೂ ಕಾಣಲಿಲ್ಲ. ಎಲ್ಲರೂ ಹೌದೆಂದು ತಲೆಯಾಡಿಸಿದರು. ಅಷ್ಟರಲ್ಲಿ ಫ್ಲೋಟಿನ ಪಿನ್ನು ಜಾರಿ ಮಣ್ಣಿಗೆ ಬಿತ್ತು. ಸೂಜಿಗಿಂತ ತುಸು ದಪ್ಪದ ಆ ಪಿನ್ನಿಗಾಗಿ ಸಾಲಿಗೆ ಹೊರಟ ಹುಡುಗರೆಲ್ಲ ಚೀಲ ಇಳಿಸಿ ಮಣಕಾಲೂರಿದರು. ಪಿನ್ನು ಸಿಕ್ಕಿತು, ಜೊತೆಗೆ ಯಾರದೋ ಕಳೆದ ವರ್ಷದ ಅಂಗಿಗುಂಡಿಯೂ ಸಿಕ್ಕಿತು.

ಮಾಲೀಕನ ಬಾಯಿಂದ ಬೈಗುಳ ಹೊರಟಿದ್ದು ಆಗಲೇ. ಸಾವಿರ ವರ್ಷದ ಹಿಂದಾಗಿದ್ದರೆ ಅದಕ್ಕೂ ಅವನು ರೊಕ್ಕ ತೆರಬೇಕಿತ್ತು. ಉಮ್ಮಚಿಗೆ ಎಂಬ ಅಗ್ರಹಾರವಾಗಿದ್ದ ಇದೇ ಊರಿನ 1012ರ ಶಾಸನ, ಚಾಲುಕ್ಯ ಐದನೆಯ ವಿಕ್ರಮಾದಿತ್ಯನ ಕಾಲದ್ದು, ಬೈದವನಿಗೆ, ಹೊಡೆದವನಿಗೆ, ಬಾಕು ಹಿರಿದವನಿಗೆ ದಂಡ ಗೊತ್ತುಮಾಡಿದೆ. ಕರೆಯದೆ ಬಂದು ಕಾರ್ಬುರೇಟರ್ ಬಿಚ್ಚಿಸಿದವನಿಗೆ ಏನು ದಂಡವೆಂದು ಆಗಿನವರಿಗೆ ಹೊಳೆದಿರಲಾರದು.

ಕಸುಬು ಬಲ್ಲ ಮೆಕ್ಯಾನಿಕ್ ಈ ಕೆಲಸಕ್ಕೆ ಇಳಿಯುವ ಬಗೆಯೇ ಬೇರೆ. ಅವನು ಮೊದಲು ನೋಡುವುದು ಬ್ಯಾಟರಿಯ ಟರ್ಮಿನಲ್. ಅಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರು ಸುರಿದು ಉಜ್ಜಿ, ವ್ಯಾಸಲೀನ್ ಸವರುತ್ತಾನೆ. ಸೆಲ್ಫ್ ತಿರುಗುವಾಗ ವೋಲ್ಟೇಜ್ ತೀರ ಕುಸಿದರೆ ಕಾಯಲ್ಲಿಗೆ ಕರೆಂಟು ಸಾಲದೆ ಕಿಡಿ ಬಡವಾಗುತ್ತದೆ. ಆಮೇಲೆ ಒಂದು ಪ್ಲಗ್ ಬಿಚ್ಚುತ್ತಾನೆ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಹೆಚ್ಚಾಗಿ ‘ಓವರ್’ ಆಗಿದೆ. ಒಣಗಿದ್ದರೆ ಪೆಟ್ರೋಲೇ ತಲುಪಿಲ್ಲ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸುಟ್ಟಿದ್ದರೆ ಪಾಲಿಶ್ ಪೇಪರಿನಿಂದ ಉಜ್ಜಿ, ನಡುವಿನ ಸಂದನ್ನು ಅಂಗುಲದ ಸಾವಿರದಲ್ಲಿ 20 ಭಾಗಕ್ಕೆ ಹೊಂದಿಸುತ್ತಾನೆ. ಇಷ್ಟೆಲ್ಲ ಆದ ಮೇಲೆ ಕಾರ್ಬುರೇಟರಿನ ಬಾಯಿಗೆ ಬಗ್ಗಿ ಎಕ್ಸಲರೇಟರ್ ಒತ್ತಿ ನೋಡುತ್ತಾನೆ. ಒಳಗೆ ಪಿಚಕ್ಕನೆ ಪೆಟ್ರೋಲ್ ಚಿಮ್ಮಿದರೆ ಬಟ್ಟಲಲ್ಲಿ ಪೆಟ್ರೋಲಿದೆ, ಪಂಪೂ ಸರಿ ಇದೆ. ಬಿಚ್ಚುವ ಮಾತೇ ಇಲ್ಲ.

ಕಾಕಾನಿಗೆ ಇದೆಲ್ಲ ಗೊತ್ತಿಲ್ಲವೆಂದಲ್ಲ. ಆದರೆ ಟರ್ಮಿನಲ್ ಉಜ್ಜುವುದನ್ನು ನೋಡಲು ಮಂದಿ ನಿಲ್ಲುವುದಿಲ್ಲ. ಗೋಣಿತಾಟಿನ ಮೇಲೆ ಹರಡಿದ ಹಿತ್ತಾಳೆ ತುಣುಕುಗಳಿಗೆ ಇರುವ ಘನತೆ ಬಿಸಿನೀರಿನ ತಂಬಿಗೆಗೆ ಇಲ್ಲ. ಅವರು ಯಾವಾಗಲೂ ದೂರದ ತುದಿಯಿಂದಲೇ ಶುರು ಮಾಡುವುದು ಇದಕ್ಕಾಗಿ.

ಜೋಡಿಸಿದ್ದಾಯಿತು. ಸೆಲ್ಫ್ ಹೊಡೆದರು. ಅದೇ ನರಳಾಟ.

‘ಪೆಟ್ರೋಲ್ ಖೊಟ್ಟಿ ಐತಿ’ ಎಂದು ಕಾಕಾ ಎರಡನೆಯ ತೀರ್ಪು ಕೊಟ್ಟರು. ‘ಈಗ ಬರೋದ್ರಾಗ ಎಥೆನಾಲ್ ಕೂಡಿಸ್ತಾರ. ನೀ ಬೆಳದ ಗೋವಿನಜೋಳನ ನಿನ್ನ ಟಾಕ್ಯಾಗ ಬಂದು ಕುಂತೈತಿ, ತಿಳೀತಿಲ್ಲೋ?’ ಈ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥೆನಾಲ್ ಇರುತ್ತದೆ; ಕಬ್ಬು, ಅಕ್ಕಿ, ಗೋವಿನಜೋಳ ಎಲ್ಲದರಿಂದಲೂ ಅದನ್ನು ತೆಗೆಯುತ್ತಾರೆ. ಅದರೊಳಗೇ ಆಮ್ಲಜನಕ ಇರುವುದರಿಂದ ಹಳೆ ಜೆಟ್ಟಿನ ಗಾಡಿಗೆ ಮಿಶ್ರಣ ತುಸು ತೆಳುವಾಗುತ್ತದೆ, ಹಳೆ ರಬ್ಬರ್ ಪೈಪು ಬೇಗ ಹಾಳಾಗುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ವಾರಗಟ್ಟಲೆ ನಿಲ್ಲಿಸಿದ ಗಾಡಿಯಲ್ಲಿ ಪೆಟ್ರೋಲಿನ ಹಗುರ ಅಂಶ, ಅಂದರೆ ಚಳಿಯಲ್ಲಿ ಮೊದಲು ಹತ್ತಿಕೊಳ್ಳಬೇಕಾದ ಅಂಶವೇ, ಹಾರಿಹೋಗಿರುತ್ತದೆ. ಕಾಕಾನ ಮಾತುಗಳ ಕಷ್ಟ ಇದೇ. ಹತ್ತರಲ್ಲಿ ನಾಲ್ಕು ನಿಜವಿರುತ್ತವೆ. ಈ ಹೊತ್ತಿಗೆ ಬೇಕಾದದ್ದು ಆ ನಾಲ್ಕರಲ್ಲಿ ಇರುವುದಿಲ್ಲ.

ಹ್ಯಾಂಡಲ್ ಹೊಡೆಯುವ ಮಾತೂ ಬಂತು. ಅದಕ್ಕೆ ಕಾಕಾ ಕೊಟ್ಟ ಎಚ್ಚರಿಕೆ ಮಾತ್ರ ಅಪ್ಪಟ ಚಿನ್ನ: ಹೆಬ್ಬೆರಳನ್ನು ಹಿಡಿಕೆಗೆ ಸುತ್ತಬಾರದು, ಉಳಿದ ಬೆರಳುಗಳ ಸಾಲಿಗೇ ಇಟ್ಟುಕೊಳ್ಳಬೇಕು. ಎಂಜಿನ್ ಹಿಂದಕ್ಕೆ ಒದ್ದರೆ ಎಲುಬು ಮುರಿಯುತ್ತದೆ. ಇಷ್ಟು ಹೇಳಿ, ತಾವು ಹೊಡೆಯದೆ, ಹ್ಯಾಂಡಲನ್ನು ಮಾಲೀಕನ ಕೈಗಿತ್ತರು.

ಸಾಲಿಗೆ ಹೊರಟಿದ್ದ ಮಾಲೀಕನ ಮಗಳು ಪಿನ್ನು ಹುಡುಕಿಕೊಟ್ಟ ಸಲಿಗೆಯಿಂದ ಎಂಜಿನ್ನಿನ ಹತ್ತಿರವೇ ನಿಂತಿದ್ದಳು. ‘ಅಪ್ಪಾ, ನೀ ಒಳಗ ಗುಬ್ಬಿ ಎಳದ್ರ ಇಲ್ಲಿ ಬಿಲ್ಲೆ ಮುಚ್ಚವಲ್ದಲಾ’ ಎಂದಳು. ಎಲ್ಲರೂ ಬಗ್ಗಿದರು. ಚೋಕ್ ಕೇಬಲ್ಲಿನ ಹೊರಕವಚವನ್ನು ಹಿಡಿದಿಡುವ ಕ್ಲಾಂಪ್ ಸಡಿಲಾಗಿತ್ತು. ಗುಬ್ಬಿ ಎಳೆದಾಗ ತಂತಿಯ ಜೊತೆ ಕವಚವೂ ಸರಿಯುತ್ತಿತ್ತು. ಬಿಲ್ಲೆ ಅರೆಬಾಯಿ ತೆರೆದೇ ನಿಂತಿತ್ತು. ಕಾಕಾನ ಟೆಸ್ಟರಿನಿಂದಲೇ ಕ್ಲಾಂಪಿನ ಸ್ಕ್ರೂ ಬಿಗಿದರು. ಸೆಲ್ಫ್ ಹೊಡೆದರೆ ಜೀಪು ಒಂದು ಸಲ ಸೀನಿ ಹಿಡಿದುಕೊಂಡಿತು.

‘ನಾ ಅದನ್ನ ಹೇಳಾವಿದ್ದೆ’ ಎಂದರು ಕಾಕಾ.

ಮಾಲೀಕ ಏನೂ ಅನ್ನಲಿಲ್ಲ. ಚಹಾದ ರೊಕ್ಕ ತಾನೇ ಕೊಟ್ಟು ಗದಗಿನ ದಾರಿ ಹಿಡಿದ. ಈ ಔದಾರ್ಯದಲ್ಲಿ ಲೆಕ್ಕಾಚಾರವಿದೆ. ಗಾಡಿ ದಬ್ಬಬೇಕಾದಾಗ ಹೊಸ ಗಾಡಿಯವರು ಹಾರ್ನ್ ಹೊಡೆದು ಪಕ್ಕಕ್ಕೆ ಹೋಗುತ್ತಾರೆ. ಮಫ್ಲರ್ ಬಿಗಿದು ಹೆಗಲು ಕೊಡುವವರು, ನಾಲ್ಕು ಮಂದಿಯನ್ನು ಕೂಗಿ ಕರೆಯುವವರು ಕಾಕಾನೇ.

ಅವರಿಗೆ ಕೆಟ್ಟ ಕಾಲ ಬಂದಿರುವುದೂ ನಿಜ. 2000ದ ಆಚೀಚೆ ಹೊಗೆಯ ನಿಯಮ ಬಿಗಿಯಾದಂತೆ ಪೆಟ್ರೋಲ್ ಕಾರುಗಳಲ್ಲಿ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು. 2020ರ ಏಪ್ರಿಲ್‌ನಿಂದ ಬಿಎಸ್-6 ಜಾರಿಯಾಗಿ ಬಹುತೇಕ ಹೊಸ ಬೈಕುಗಳಿಂದಲೂ ಅದು ಮಾಯವಾಯಿತು. ಈಗಿನ ಗಾಡಿಯ ಬಾನೆಟ್ ಎತ್ತಿದರೆ ಕಾಣುವುದು ಕರಿ ಪ್ಲಾಸ್ಟಿಕ್ ಮುಚ್ಚಳ. ಟೆಸ್ಟರ್ ಹಾಕಲು ಜಾಗವೇ ಇಲ್ಲ. ಕಾಕಾ ಅದರ ಸುತ್ತ ಒಮ್ಮೆ ಅಡ್ಡಾಡಿ, ಕಿವಿಗೊಟ್ಟು ಕೇಳಿ, ‘ಸೆನ್ಸಾರ್ ಹೋಗೈತಿ’ ಎನ್ನುತ್ತಾರೆ. ಇಂಜೆಕ್ಷನ್ ಗಾಡಿಯಲ್ಲಿ ಹಲವು ಸಲ ಹೋಗುವುದೂ ಅದೇ. ಹೀಗಾಗಿ ಕೋಟುಮಚಗಿಯಲ್ಲಿ ಕಾಕಾನ ಮಾತಿನ ಬೆಲೆ ಮೊದಲಿಗಿಂತ ಈಗ ಏರಿದೆ.