ಖರ್ಚಿಲ್ಲದ ಭಾವ

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಯಾವ ಅಡಿಕೆ ತೋಟಕ್ಕೆ ಇಳಿದರೂ ಒಬ್ಬ ಖರ್ಚಿಲ್ಲದ ಭಾವ ಸಿಗುತ್ತಾರೆ. ನೀರ್ಚಾಲಿನಲ್ಲೂ ಇದ್ದಾರೆ, ಮುಳ್ಳೇರಿಯದಲ್ಲೂ ಇದ್ದಾರೆ. ಗಡಿ ದಾಟಿ ವಿಟ್ಲದ ಕಡೆಗೆ ಹೋದರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಅರುವತ್ತು ದಾಟಿದ ಪ್ರಾಯ, ಹೆಗಲಿಗೊಂದು ಬೈರಾಸು. ಬಾಳೆಲೆಗೆ ಏನು ಬಿದ್ದರೂ ಅದರ ಹಿಂದೆಯೇ ಅವರ ಮಾತೂ ಬೀಳುತ್ತದೆ: “ಒಂದು ಪೈಸೆ ಖರ್ಚಿಲ್ಲೆ ಭಾವಾ, ಪೂರಾ ಮನೆದೆ!”

ಕೊದಿಲಿನ ಸೌತೆ ಮನೆಯದು, ಪಲ್ಯದ ಗುಜ್ಜೆ ಮನೆಯದು, ಮಜ್ಜಿಗೆ ಮನೆಯ ಗಿಡ್ಡ ದನದ್ದು. ಉಪ್ಪಿನಕಾಯಿಯ ಮಿಡಿಯಂತೂ ಹೊಳೆಬದಿಯ ಮರದ್ದು. ಆ ಮರ ಯಾರದ್ದೆಂದು ಕೇಳಬಾರದು. ಪೇಟೆಯಲ್ಲಿ ಒಂದು ಮಸಾಲೆ ದೋಸೆಯ ದುಡ್ಡಿಗೆ ತಮ್ಮ ಮನೆಯಲ್ಲಿ ನಾಲ್ವರು ಎರಡು ಹೊತ್ತು ಉಣ್ಣುತ್ತಾರೆಂದು ಅವರ ವಾದ. ಎದುರು ಮಾತಾಡಿದರೆ ಲೆಕ್ಕದ ಪುಸ್ತಕ ತರುತ್ತಾರೆ. ಪುಸ್ತಕದಲ್ಲಿ ಅಡಿಗೆಯ ಖಾತೆಗೆ ಇರುವುದು ಉಪ್ಪು, ಚಾಹುಡಿ, ಉದ್ದು, ಮೆಣಸು ಇಷ್ಟೇ. ಹಲಸಿನಕಾಯಿ ಇಳಿಸಲು ಮರ ಹತ್ತಿದವನ ಮಜೂರಿ ತೋಟದ ಖಾತೆಗೆ. ಕೊಪ್ಪರ ಮಿಲ್ಲಿಗೆ ಒಯ್ದ ರಿಕ್ಷಾ ಪ್ರಯಾಣದ ಖಾತೆಗೆ. ದನದ ಹಿಂಡಿ, ಬೈಹುಲ್ಲು ಗೊಬ್ಬರದ ಖಾತೆಗೆ, ಯಾಕೆಂದರೆ ದನ ಸಾಕುವುದು ಸಗಣಿಗೆ, ಹಾಲು ಕೊಡುವುದು ಅದರ ದೊಡ್ಡತನ. ಹಪ್ಪಳದ ಹಿಟ್ಟಿಗೆಂದು ತಂದ ದೊಡ್ಡ ಗ್ರೈಂಡರು ಖರ್ಚೇ ಅಲ್ಲ, ಆಸ್ತಿ.

2025ರ ಮಳೆಗಾಲದಲ್ಲಿ ಈ ಲೆಕ್ಕಕ್ಕೆ ಒಂದು ದೊಡ್ಡ ಪರೀಕ್ಷೆ ಬಂತು. ಕೇರಳದಲ್ಲಿ ತೆಂಗಿನೆಣ್ಣೆ ಕಿಲೋಗೆ 400 ರೂಪಾಯಿ ದಾಟಿತು, ಕಾಯಿ 70ರ ಹತ್ತಿರ ಬಂತು. ಸುಲಿದ ಕಾಯಿಯೊಂದು ಅರ್ಧ ಕಿಲೋ ತೂಗುತ್ತದೆ ಅಂತಿಟ್ಟುಕೊಳ್ಳಿ. ಭಾವನ ಅಡಿಗೆಮನೆಯಲ್ಲಿ ದಿನಕ್ಕೆ ಮೂರು ಕಾಯಿ ಒಡೆಯುತ್ತದೆ, ತಿಂಗಳಿಗೆ ಮೂರು ಸಾವಿರ ರೂಪಾಯಿ ಚಿಲ್ಲರೆ ಬರೀ ಮಸಾಲೆಗೆ ಅರೆದು ಹೋಗುತ್ತದೆ. ಭಾವನ ಹೆಂಡತಿ, ನಮ್ಮ ಅಕ್ಕ, ಒಂದು ಸಲಹೆ ಕೊಟ್ಟರು: ರೇಟು ಇಳಿಯುವ ತನಕ ಕಾಯಿ ಹಾಕದ ಬೋಳುಹುಳಿ ಮಾಡುವ, ಕಾಯಿ ಮಾರುವ. ಭಾವ ನಕ್ಕರು. “ಮಾರಿರೆ ಅದಕ್ಕೆ ರೇಟು. ಮಾರದ್ರೆ ಬರೀ ಕಾಯಿ ಅಲ್ಲದಾ?” ಕಾಸರಗೋಡಿನಲ್ಲಿ ತೆಂಗಿನ ಸಂಶೋಧನೆ ಶುರುವಾದದ್ದು 1916ರಲ್ಲಿ, ಈಗಿನ ಸಿಪಿಸಿಆರ್‌ಐ ಅದರ ಮುಂದುವರಿಕೆ. ನೂರು ವರ್ಷ ಮೀರಿದರೂ ಅಲ್ಲಿಯ ವಿಜ್ಞಾನಿಗಳಿಗೆ ಈ ಸೂಕ್ಷ್ಮ ಹೊಳೆದಂತಿಲ್ಲ.

ಭಾವನನ್ನು ಪೂರ್ತಿ ನೋಡಬೇಕಾದರೆ ಹಲಸಿನ ಹಪ್ಪಳದ ದಿನ ಹೋಗಬೇಕು. ಬೇಸಗೆಯ ಬಿಸಿಲು, ಮಳೆಗೆ ಇನ್ನು ಸ್ವಲ್ಪವೇ ಸಮಯ. ಬೆಳಗಾಗುವ ಮೊದಲೇ ಅಕ್ಕ ಕೈಗೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಲು ಕೂತಿರುತ್ತಾರೆ. ಆದರೂ ಮೇಣ ಮೊಣಕೈವರೆಗೆ ಅಂಟಿರುತ್ತದೆ. ಸೊಳೆ ಅಟ್ಟಿನಳಗೆಯಲ್ಲಿ ಬೇಯಬೇಕು, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಸೇರಿಸಿ ಗುದ್ದಬೇಕು, ಉಂಡೆ ಕಟ್ಟಬೇಕು. ಉಂಡೆಯನ್ನು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಲ್ಲಿ ಒತ್ತಬೇಕು, ಹರಿಯದ ಹಾಗೆ ಎಬ್ಬಿಸಿ ಚಾಪೆಗೆ ಹಾಕಬೇಕು. ಬದಿ ಒಣಗಿ ಮೇಲೆದ್ದಾಗ ಒಂದೊಂದನ್ನೇ ಮಗುಚಬೇಕು. ಅಕ್ಕ, ಅಕ್ಕನ ತಂಗಿ, ನೆರೆಮನೆಯ ಅತ್ತೆ, ರಜೆಗೆ ಬಂದ ಎರಡು ಮಕ್ಕಳು, ಎಲ್ಲರ ಸೊಂಟವೂ ಬಗ್ಗಿರುತ್ತದೆ. ಭಾವ ಅಂಗಳದ ಬದಿಯಲ್ಲಿ ಕುರ್ಚಿ ಹಾಕಿ ಕಾಗೆ ಓಡಿಸುತ್ತಾರೆ. ಆ ಕೆಲಸವೂ ಸಣ್ಣದಲ್ಲ, ಮಧ್ಯೆ ಎರಡು ಸಲ ಚಹಾ ಬೇಕಾಗುತ್ತದೆ. ಸಂಜೆ ಹಪ್ಪಳ ಎಣಿಸಿ, ಅಂಗಡಿಯ ರೇಟಿಗೆ ಗುಣಿಸಿ, ಅಷ್ಟನ್ನೂ ಉಳಿತಾಯವೆಂದು ಬರೆದುಕೊಳ್ಳುತ್ತಾರೆ.

“ನಿಂಗಳ ಪುಸ್ತಕಲ್ಲಿ ಎನ್ನ ಸಂಬಳ ಎಲ್ಲಿ ಇದ್ದು?” ಎಂದು ಅಕ್ಕ ಒಮ್ಮೆ ಕೇಳಿದ್ದರು. ಭಾವ ಪುಸ್ತಕದ ಹಾಳೆಗಳನ್ನು ನಿಜವಾಗಿಯೂ ತಿರುವಿ ಹುಡುಕಿದರು.

ಹಾಗೆಂದು ಭಾವನ ಮಾತು ಪೂರ್ತಿ ಸುಳ್ಳಲ್ಲ. ಆಟಿಯ ಜಡಿಮಳೆಯಲ್ಲಿ ತರಕಾರಿ ಲಾರಿಯನ್ನು ನಂಬಿದವರು ಬೆಲೆ ಕೇಳಿ ಕಂಗಾಲಾದಾಗ, ಈ ಮನೆಯಲ್ಲಿ ಭರಣಿಯ ಉಪ್ಪುಸೊಳೆ ತೆಗೆದು ರೊಟ್ಟಿ ತಟ್ಟುತ್ತಾರೆ, ಗುಡ್ಡೆಯ ತಗತೆ ಸೊಪ್ಪು ಕೊಯ್ದು ಪಲ್ಯ ಮಾಡುತ್ತಾರೆ, ಕೆಸುವಿನೆಲೆ ಸುತ್ತಿ ಪತ್ರೊಡೆ ಬೇಯಿಸುತ್ತಾರೆ. ತಿಮರೆಯ ತಂಬುಳಿಗೆ ಯಾವ ಖಾತೆಯಲ್ಲಿ ಹುಡುಕಿದರೂ ದೊಡ್ಡ ಖರ್ಚು ಸಿಗದು. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಸಾರಿತು. ಆ ರಾಜ್ಯದ ಹಣ್ಣು ಮರದಡಿ ಕೊಳೆಯುವುದಕ್ಕಿಂತ ಭರಣಿಗೆ ಬಿದ್ದರೆ ಲಾಭವೇ. ಶ್ರೀ ಪಡ್ರೆಯವರು ‘ಅಡಿಕೆ ಪತ್ರಿಕೆ’ಯಲ್ಲಿ ಹಲಸಿನ ಬಗ್ಗೆ ವರ್ಷಗಟ್ಟಲೆ ಬರೆದದ್ದನ್ನು ಭಾವ ಕಟ್ಟಿಟ್ಟಿದ್ದಾರೆ. ಅಕ್ಕ ಸೊಳೆ ಬಿಡಿಸುವಾಗ ಜಗಲಿಯಿಂದ ಅದನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ತೊಂದರೆ ಇರುವುದು ಉಂಡಲಕಾಳಿನಲ್ಲಿ. ದುಡ್ಡಿಲ್ಲದೆ ಸಿಕ್ಕಿದ ಉಪ್ಪುಸೊಳೆಯನ್ನು ಅರೆದು, ಕಾಳು ಕಟ್ಟಿ, 400ರ ಎಣ್ಣೆಯ ಬಾಣಲೆಗೆ ಬಿಟ್ಟ ಕೂಡಲೇ ಕಥೆ ಬೇರೆಯಾಗುತ್ತದೆ. ನಾನು ಅದನ್ನು ಹೇಳಲಿಲ್ಲ. ಬಾಯಿಯಲ್ಲಿ ಉಂಡಲಕಾಳು ಇತ್ತು.

ಕಳೆದ ವರ್ಷ ಅಕ್ಕ ತಂಗಿಯ ಮನೆಯ ಪೂಜೆಗೆಂದು ಪುತ್ತೂರಿಗೆ ಹೋದವರು ಕೂಡಲೇ ಬರಲಿಲ್ಲ. ಮೊದಲ ದಿನ ಭಾವ ಗಂಜಿ ಬೇಯಿಸಿ, ಉಪ್ಪಿನಕಾಯಿ ನಂಜಿಕೊಂಡು, ಸರಳ ಜೀವನದ ಬಗ್ಗೆ ನನಗೆ ಫೋನಿನಲ್ಲಿ ಉಪನ್ಯಾಸ ಕೊಟ್ಟರು. ಮರುದಿನ ಗಂಜಿ ತಳ ಹಿಡಿಯಿತು. ಆಮೇಲೆ ಒಂದು ದಿನ ಮಧ್ಯಾಹ್ನ ಅವರು ನನಗೆ ಸಿಕ್ಕಿದ್ದು ಪೇಟೆಯ ಜನಕೀಯ ಹೋಟೆಲಿನಲ್ಲಿ. ಕುಟುಂಬಶ್ರೀ ಹೆಂಗಸರು 2020ರಿಂದ ನಡೆಸುತ್ತಿರುವ ಈ ಹೋಟೆಲುಗಳಲ್ಲಿ ಊಟಕ್ಕೆ ಮೊದಲು 20 ರೂಪಾಯಿ ಇತ್ತು. 2023ರಲ್ಲಿ ಸರಕಾರದ ಸಹಾಯಧನ ನಿಂತ ಮೇಲೆ 30 ಆಯಿತು. ಆ ರೇಟಿಗೆ ಊಟ ಹಾಕುವುದು ಯಾವ ಮನೆಗೂ, ಭಾವನ ಮನೆಗೂ, ಸುಲಭವಲ್ಲ.

ನನ್ನನ್ನು ಕಂಡು ಭಾವ ಒಂದಿಷ್ಟೂ ಗಲಿಬಿಲಿಗೊಳ್ಳಲಿಲ್ಲ. ಚೀಲದಿಂದ ಹಲಸಿನ ಹಪ್ಪಳದ ಕಟ್ಟು ತೆಗೆದು, “ಚೇಚೀ, ಇದನ್ನೊಮ್ಮೆ ಕಾಯಿಸಿ ಕೊಡ್ತೀರಾ?” ಎಂದರು. ಚೇಚಿ ಮರುಮಾತಿಲ್ಲದೆ ತಮ್ಮ ಬಾಣಲೆಯಲ್ಲಿ, ತಮ್ಮ ಎಣ್ಣೆಯಲ್ಲಿ ಕಾಯಿಸಿ ತಂದರು. ಭಾವ ಒಂದು ಚೂರು ಮುರಿದು ಬಾಯಿಗೆ ಹಾಕಿ, ಎಣ್ಣೆ ತೆಂಗಿನದ್ದಲ್ಲ ಎಂದು ಮುಖ ಹುಳ್ಳಗೆ ಮಾಡಿದರು. ಮತ್ತೆ ಎರಡು ಹಪ್ಪಳ ನನ್ನ ಎಲೆಯ ಬದಿಗೆ ಸರಿಸಿ, “ತಿನ್ನು ಭಾವಾ, ಮನೆದೆ” ಎಂದರು.

ಕೈ ತೊಳೆದು ಬಂದು ಕಿಸೆಯಿಂದ ಪುಸ್ತಕ ತೆಗೆದರು. ನಾನು ಹೆಗಲ ಮೇಲಿಂದ ಇಣುಕಿದೆ. ಅಡಿಗೆಯ ಖಾತೆಗೆ ಎಂದಿನಂತೆ ಏನೂ ಸೇರಲಿಲ್ಲ. ತೋಟದ ಖಾತೆಯಲ್ಲಿ ಮುತ್ತಿನಂಥ ಅಕ್ಷರದಲ್ಲಿ ಬರೆದರು: ಆಳಿನ ಊಟ, 30.