ಹಳದಿ ಕಣಗಿಲೆ: ಬಳಕೆದಾರರ ಕೈಪಿಡಿ

ಹಳದಿ ಕಣಗಿಲೆಯ ಮಾಲೀಕರಾಗಿದ್ದೀರಿ, ಅಭಿನಂದನೆಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ. ಗಿಡಕ್ಕೆ ಇದರ ಅಗತ್ಯವಿಲ್ಲ, ಅದಕ್ಕೆ ಎಲ್ಲ ಗೊತ್ತು.

1. ಪರಿಚಯ

ತವರು ಮೆಕ್ಸಿಕೊ, ಮಧ್ಯ ಅಮೆರಿಕ. ಈಗ ನಮ್ಮ ಶಿವನ ಗುಡಿಗಳ ಅಂಗಳದಲ್ಲಿ ಅಲ್ಲೇ ಹುಟ್ಟಿದ್ದೇನೋ ಎಂಬಂತೆ ನಿಂತಿದೆ. ಸಪೂರ ಎಲೆ, ಹಳದಿ ಗಂಟೆಯಂಥ ಹೂವು. ಚಿವುಟಿದರೆ ಬಿಳಿ ಹಾಲು. ಹಸಿರು ಕಾಯಿ ಬಲಿತರೆ ಕಪ್ಪಾಗುತ್ತದೆ. ಒಳಗೆ ಮೂರು ಮೂಲೆಯ ಗಟ್ಟಿ ಓಟೆ. ಅಂಗೈಯಲ್ಲಿಟ್ಟುಕೊಂಡರೆ ಆಟಕ್ಕೆಂದೇ ಯಾರೋ ಕಡೆದಿಟ್ಟಂತಿರುತ್ತದೆ. ಮಕ್ಕಳಿಗೂ ಹಾಗೇ ಕಾಣುತ್ತದೆ.

ಗಮನಿಸಿ: ಬೇರು, ತೊಗಟೆ, ಎಲೆ, ಹೂವು, ಹಾಲು, ಎಲ್ಲದರಲ್ಲೂ ವಿಷ ತುಂಬಿಯೇ ಬರುತ್ತದೆ, ಬೀಜದಲ್ಲಿ ಇನ್ನೂ ಧಾರಾಳವಾಗಿ. ಇದರ ದಾಯಾದಿ ಕೆಂಪು ಕಣಗಿಲೆಗೆ ಅಮರಕೋಶ ಕೊಟ್ಟ ಹೆಸರುಗಳಲ್ಲಿ ಒಂದು 'ಹಯಮಾರಕ', ಅಂದರೆ ಕುದುರೆ ಕೊಲ್ಲುವುದು. ಹಿರಿಯರು ಎಚ್ಚರಿಕೆಯ ಚೀಟಿಯನ್ನು ಹೆಸರಿಗೇ ಅಂಟಿಸಿದ್ದರು.

2. ಅಳವಡಿಕೆ

ಗುಂಡಿ ತೋಡಿ, ಸಸಿ ಇಳಿಸಿ, ಮಣ್ಣು ಮುಚ್ಚಿ. ಬೇರೂರಿತೆಂದರೆ ಮುಗಿಯಿತು. ಗೊಬ್ಬರ ಮರೆತು ನೀವು ಕಾಶಿಯಾತ್ರೆ ಮುಗಿಸಿ ಬಂದರೂ ಅದು ಹೂ ಬಿಟ್ಟುಕೊಂಡೇ ಇರುತ್ತದೆ. ಹೆದ್ದಾರಿಯ ನಡುವೆ ಕೆಂಪು ದಾಯಾದಿಯನ್ನು ಸಾಲಾಗಿ ನೆಡುವುದೂ ಈ ಗುಣಕ್ಕೇ: ಬಿಸಿಲು, ಧೂಳಿಗೆ ಜಗ್ಗುವುದಿಲ್ಲ, ದನ ಬಾಯಿ ಹಾಕುವುದಿಲ್ಲ, ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆಯುವುದಿಲ್ಲ.

3. ನಿರ್ವಹಣೆ (ಗಿಡದ್ದಲ್ಲ, ಸುತ್ತಲಿನವರದು)

ಮಕ್ಕಳು: ಉದುರಿದ ಕಾಯಿಗಳನ್ನು ದಿನವೂ ಗುಡಿಸಿ ತೆಗೆಯಿರಿ. 'ಮುಟ್ಟಬೇಡ' ಎಂದಷ್ಟೇ ಹೇಳಿದರೆ ಮುಟ್ಟುತ್ತಾರೆ. ಕಾರಣ ಹೇಳಿ.

ದನ: ಸವರಿದ ರೆಂಬೆಯನ್ನು ಬೀದಿಗೆ ಎಸೆಯಬೇಡಿ. ಹಸಿಯಿದ್ದಾಗ ಮೂಸಿ ಮುಂದೆ ಹೋಗುವ ಹಸು, ಬಾಡಿದ ಸೊಪ್ಪನ್ನು ಹುಲ್ಲಿನ ಜೊತೆ ಮೆಲ್ಲಬಹುದು. ಬಾಡಿದರೂ ಒಣಗಿದರೂ ವಿಷ ಹಾಗೇ ಇರುತ್ತದೆ. ಬಚ್ಚಲೊಲೆಗೂ ಹಾಕಬೇಡಿ, ಅದರ ಹೊಗೆಯೂ ಒಳ್ಳೆಯದಲ್ಲ.

ಹೂಗಳ್ಳರು: ಬೆಳಗಿನ ಐದೂವರೆಗೆ ಮಂಕಿಟೋಪಿ, ಪ್ಲಾಸ್ಟಿಕ್ ಕವರು, ದೋಟಿ ಸಮೇತ ಹಾಜರು. ನಮ್ಮ ಬೀದಿಯ ಹಿರಿಯರೊಬ್ಬರು ಒಂದು ದಿನ ಬಗ್ಗಿಸಿದ ಕೊಂಬೆ ಕೈತಪ್ಪಿ ಎಗರಿತು. ಬೆರಳಿಗೆಲ್ಲ ಹಾಲು. ಪಂಚೆಗೆ ಒರೆಸಿಕೊಂಡು, ಅದೇ ಕೈಯಲ್ಲಿ ಜೇಬಿನಿಂದ ಕಡಲೆಬೀಜ ತೆಗೆದರು.

"ಕೈ ತೊಳ್ಕೊಳ್ಳಿ ಸಾರ್, ವಿಷ ಅದು," ಎಂದೆ.

"ದೇವ್ರ ಹೂವಿಗೆ ವಿಷ ಅಂತೀರಲ್ರೀ!" ಎಂದು ಗದರಿದರು.

ಕದ್ದವರು ಅವರು, ಅಪರಾಧಿ ನಾನು. ಮಾರನೆಯ ದಿನದಿಂದ ಗೇಟಿನಾಚೆಯ ನಲ್ಲಿಯ ಪಕ್ಕ ಸೋಪು ಇಡುತ್ತಿದ್ದೇನೆ. ಈಗ ಸೋಪೂ ಕಳುವಾಗುತ್ತಿದೆ.

4. ದೋಷ ಮತ್ತು ಪರಿಹಾರ

ಕೆಂಪು ಕಣಗಿಲೆಯ ಎಲೆಯಡಿ ಬೆಳ್ಳಿಯ ಜುಮಕಿಯಂಥದ್ದು ನೇತಾಡುತ್ತಿದೆ: ದೋಷವಲ್ಲ. ಅದು ಕಂದು ಚಿಟ್ಟೆಯೊಂದರ ಕೋಶ. ಕನ್ನಡಿಯಂತೆ ಹೊಳೆಯುತ್ತದೆ, ಹತ್ತಿರ ಹೋದರೆ ನಿಮ್ಮ ಮುಖವೂ ಸೊಟ್ಟಗೆ ಕಾಣಬಹುದು. ಕುದುರೆ ಕೊಲ್ಲುವ ಎಲೆಯನ್ನು ಈ ಹುಳು ಊಟಕ್ಕೆ ಆರಿಸಿಕೊಂಡಿದೆ. ಈ ಕೈಪಿಡಿಯ ಅಗತ್ಯವಿಲ್ಲದ ಇನ್ನೊಂದು ಜೀವ ಅದು.

ಯಾರೋ ತಿಂದುಬಿಟ್ಟಿದ್ದಾರೆ: ಇಲ್ಲಿ ತಮಾಷೆ ಇಲ್ಲ. ಈ ವಿಷ ಹಿಡಿಯುವುದು ಹೃದಯದ ಲಯವನ್ನು. ವಾಂತಿ, ತಲೆಸುತ್ತು ಬರುತ್ತದೆ, ನಾಡಿ ನಿಧಾನವಾಗುತ್ತದೆ, ತಾಳ ತಪ್ಪುತ್ತದೆ. ಹುಣಸೆನೀರು, ಮಜ್ಜಿಗೆ ಎಂದು ಹೊತ್ತು ಕಳೆಯಬೇಡಿ. ನೋಡಲು ಆರಾಮಾಗಿದ್ದರೂ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ತಿಂದದ್ದರ ಒಂದು ಎಲೆಯನ್ನೋ ಕಾಯಿಯನ್ನೋ ಜೊತೆಗೊಯ್ದು ವೈದ್ಯರಿಗೆ ತೋರಿಸಿ.

5. ವಾರಂಟಿ

ಹೂವನ್ನು ನಿಶ್ಚಿಂತೆಯಿಂದ ಶಿವನಿಗೆ ಏರಿಸಿ. ತೀರ್ಥದ ಬಟ್ಟಲಿಗೆ ಮಾತ್ರ ಬೀಳಿಸಬೇಡಿ, ಅಲ್ಲಿಗೆ ತುಳಸಿ ಸಾಕು. ನಂಜನಗೂಡಿನಲ್ಲಿ ಕೂತವನ ಹೆಸರೇ ನಂಜುಂಡೇಶ್ವರ, ಅವನಿಗೆ ನಂಜು ಅಭ್ಯಾಸ. ಆದರೂ ಅದು ಅವನ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ನಮ್ಮ ಮಾದರಿಯ ಗಂಟಲಿನಲ್ಲಿ ಆ ಸೌಲಭ್ಯವಿಲ್ಲ.