ಎಸಿಯೊಳಗಿನ ಬೇಸಿಗೆ

ಬಾಗಲಕೋಟೆಯಲ್ಲಿ ಮೇ ತಿಂಗಳಲ್ಲಿ ಮದುವೆ ಇಟ್ಟುಕೊಳ್ಳುವವರಿಗೆ ನೆಂಟರ ಮೇಲೆ ಯಾವುದೋ ಹಳೇ ಸಿಟ್ಟು ಇರಬೇಕು. ಅಣ್ಣನ ಮಗಳ ಲಗ್ನಪತ್ರಿಕೆ ಬಂದ ದಿನವೇ ನನ್ನ ವಾರಗಿತ್ತಿ, "ಅಕ್ಕಾ, ಸಮ್ಮರ್ ಶಾಪಿಂಗ್!" ಎಂದು ಕುಣಿದಳು. ಅವಳು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. 2016ರ ಏಪ್ರಿಲ್ 24ರಂದು ಇಲ್ಲಿ 39.2 ಡಿಗ್ರಿ ಬಿಸಿಲು ಬಿದ್ದದ್ದನ್ನು ಈಗಲೂ ಯುದ್ಧಭೂಮಿಯಿಂದ ಬದುಕಿ ಬಂದವಳಂತೆ ಹೇಳುತ್ತಾಳೆ. ನಮ್ಮೂರಲ್ಲಿ ಅಷ್ಟಕ್ಕೆಲ್ಲ, "ಇವತ್ತು ಅಡ್ಡಿಯಿಲ್ಲ" ಎಂದು ಜನ ಕಟ್ಟೆಗೆ ಬಂದು ಕೂರುತ್ತಾರೆ.

"ಬೀರುವಿನಲ್ಲಿ ಹತ್ತಿ ಸೀರೆ ಒಟ್ಟಿದೆಯಲ್ಲೇ" ಎಂದೆ.

"ಅದು ಸೀರೆ ಅಕ್ಕಾ. ನಾನು ಹೇಳ್ತಿರೋದು ಸಮ್ಮರ್‌ವೇರು."

ಹೀಗೆ ಒಂದು ಶನಿವಾರ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಆಟೊ ಇಳಿದೆವು. ಮಧ್ಯಾಹ್ನ ಹನ್ನೆರಡೂವರೆ. ನೆಲದಿಂದ ಝಳ ಏಳುತ್ತಿತ್ತು. ಅವಳು ಮೊದಲೇ ಗುರುತಿಟ್ಟಿದ್ದ ಅಂಗಡಿಯ ಗಾಜಿನ ಬಾಗಿಲು ತಳ್ಳಿದರೆ ಒಳಗೆ ಶಿಮ್ಲಾ! ಅಂಗಡಿಯ ಹುಡುಗಿಯರು ಸ್ವೆಟರು ತೊಟ್ಟುಕೊಂಡು ಸ್ಲೀವ್‌ಲೆಸ್ ಮಾರುತ್ತಿದ್ದರು. ಸುಳ್ಳಲ್ಲ. ಬಿಲ್ಲು ಮಾಡುವವಳು ಮಫ್ಲರನ್ನೂ ಸುತ್ತಿಕೊಂಡಿದ್ದಳು.

ನನಗೆ ಜ್ಞಾನೋದಯವಾದದ್ದು ಅಲ್ಲೇ. ಆ ಚಳಿಯಲ್ಲಿ ಕಂಬಳಿ ಹೊದ್ದರೂ ಹಾಯೆನ್ನಿಸುತ್ತದೆ. ನೈಲಾನು, ಪಾಲಿಯೆಸ್ಟರು, ರೆಕ್ಸಿನ್ನು, ಏನು ಮೈಗಿಟ್ಟರೂ "ಆಹಾ, ಎಷ್ಟು ತಂಪು" ಅನ್ನಬೇಕು. ಬಟ್ಟೆಯ ನಿಜವಾದ ಜಾತಕ ಗೊತ್ತಾಗುವುದು ಬಿಲ್ಲು ಕಟ್ಟಿ ಹೊರಗೆ ಬಂದ ಮೇಲೆ. ಅಷ್ಟರಲ್ಲಿ ಬಿಲ್ಲಿನ ತಳದಲ್ಲಿ 'ನೋ ರಿಟರ್ನ್' ಎಂದು ಕಂಡೂ ಕಾಣದಷ್ಟು ಸಣ್ಣಗೆ ಅಚ್ಚಾಗಿರುತ್ತದೆ.

"ಪ್ಯೂರ್ ಕಾಟನ್ನಾಪ್ಪಾ?" ಎಂದು ಒಂದು ಕುರ್ತಾ ಹಿಡಿದು ಕೇಳಿದೆ.

"ಕಾಟನ್ ಥರಾನೇ ಮೇಡಂ."

ಈ 'ಥರಾನೇ' ಎಂಬ ಪದವನ್ನು ನಂಬಿ ಕೆಟ್ಟವರಿಗೆ ಲೆಕ್ಕವಿಲ್ಲ. ಕುತ್ತಿಗೆಯ ಪಟ್ಟಿ ತಿರುಗಿಸಿ ನೋಡಿದೆ, ವಿಸ್ಕೋಸ್. ಅಂದರೆ ಮರದ ತಿರುಳಿನಿಂದ ತೆಗೆದ ನೂಲು. ಹರಿಹರದ ಪಕ್ಕದ ಕುಮಾರಪಟ್ಟಣದಲ್ಲಿ ನೀಲಗಿರಿ ಮರದಿಂದ ಇಂಥ ತಿರುಳು ಮಾಡುತ್ತಾರೆಂದು ಓದಿದ್ದೆ. ಈ ಕುರ್ತಾ ತೊಟ್ಟರೆ ನೀಲಗಿರಿ ತೋಪು ನಡೆದು ಬಂದ ಹಾಗಾಯಿತು. ಬಣ್ಣವೇನೋ ಚೆನ್ನಾಗಿತ್ತು, ಎಳೆ ಮಾವಿನಕಾಯಿಯ ಹಸಿರು. ಅದೂ ಇನ್ನೆರಡು ಬಟ್ಟೆಗಳೂ ಟ್ರಯಲ್ ರೂಮಿಗೆ ನಡೆದವು.

ಆ ಕೋಣೆಯಲ್ಲಿ ನಡೆದದ್ದನ್ನು ಬರೆಯಬಾರದು ಅಂದುಕೊಂಡಿದ್ದೆ. ಕುರ್ತಾ ತಲೆಯಿಂದ ಇಳಿಯಿತು, ಭುಜ ದಾಟಿತು, ಎದೆಯ ಹತ್ತಿರ ಬಂದು ಮುಷ್ಕರ ಹೂಡಿತು. ಮೇಲಕ್ಕೆಳೆದರೆ ಕಿವಿಯ ಜುಮುಕಿ ದಾರಕ್ಕೆ ಸಿಕ್ಕಿಕೊಂಡಿತು. ಎರಡೂ ಕೈ ಮೇಲೆ, ಮುಖ ಹಸಿರು ಕತ್ತಲಲ್ಲಿ. ಬಂದೂಕಿಗೆ ಶರಣಾದ ಕಳ್ಳನ ಭಂಗಿ. ಬಟ್ಟೆಯೊಳಗಿಂದಲೇ ವಾರಗಿತ್ತಿಯನ್ನು ಕೂಗಿದೆ. ಬಾಗಿಲ ಆಚೆಯಿಂದ ಆಕೆ ಶಾಂತವಾಗಿ, "ಅಕ್ಕಾ, ಕಂಕುಳ ಕೆಳಗೆ ಜಿಪ್ಪಿದೆ" ಅಂದಳು. ನಿಜ, ಇತ್ತು. ಬಟ್ಟೆಯದೇ ಬಣ್ಣ, ಇರುವೆ ಸಾಲಿನಷ್ಟು ಸಣ್ಣದು. ಒಂದು ಬಾಣ ಬರೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಜಿಪ್ಪಿಗೆ ಜಾಗ ಹುಡುಕಿದ ಪುಣ್ಯಾತ್ಮನಿಗೆ ಜೇಬಿಗೆ ಜಾಗ ಮಾತ್ರ ಸಿಕ್ಕಿರಲಿಲ್ಲ.

ಹೊರಬರುವಷ್ಟರಲ್ಲಿ ವಾರಗಿತ್ತಿ ನನಗೆಂದು ಇನ್ನೊಂದನ್ನು ಆರಿಸಿಟ್ಟಿದ್ದಳು. ಬೂದು ಬಣ್ಣದ ಉದ್ದನೆಯ ಅಂಗಿ, ಯಾರೋ ತೊಟ್ಟು ಮಲಗಿ ಎದ್ದಂತೆ ಮುದುಡಿತ್ತು. 4,200 ರೂಪಾಯಿ.

"ಲಿನನ್ ಅಕ್ಕಾ. ಮುದುಡಿದ್ರೇನೇ ಅದರ ಸ್ಟೈಲು."

ಲಿನನ್ ಎಂದರೆ ಅಗಸೆ ಗಿಡದ ನಾರು. ನಮ್ಮ ಕಡೆ ಅಗಸಿ ಹಿಂಡಿ ಇಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಐವತ್ತು ವರ್ಷ ಹಿಂಡಿ ತಿಂದವಳು ಈಗ ಅದರ ನೆಂಟರನ್ನು ಮೈಮೇಲೆ ಹಾಕಿಕೊಳ್ಳಬೇಕು, ಅದೂ ಇಸ್ತ್ರಿಯಿಲ್ಲದೆ. ಆದರೆ ನಾನೀಗ ಹುಷಾರಾಗಿದ್ದೆ. ಅಂಗಿಯನ್ನು ತೊಟ್ಟು ಸೀದಾ ಬಾಗಿಲು ತೆರೆದು ಬಿಸಿಲಿಗೆ ಹೋಗಿ ನಿಂತೆ. ಸೆಕ್ಯುರಿಟಿಯವನು, "ಮೇಡಂ, ಬಿಲ್ಲು! ಬಿಲ್ಲು!" ಎಂದು ಹಿಂದೆಯೇ ಓಡಿ ಬಂದ. "ಓಡಿ ಹೋಗಲ್ಲಪ್ಪಾ, ಎರಡು ನಿಮಿಷ ಬೆವರ್ತೀನಿ" ಅಂದೆ. ಅವನೂ ಕೈಕಟ್ಟಿ ಪಕ್ಕದಲ್ಲಿ ನಿಂತು ನಾನು ಬೆವರುವುದನ್ನು ಕಾದ. ಹೇಳದೆ ವಿಧಿಯಿಲ್ಲ, ಆ ಮುದುಡಿದ ಬಟ್ಟೆಯೊಳಗೆ ಗಾಳಿ ಹೊಕ್ಕು ಆಡಿತು. ಕೊಂಡೆ.

ವಾರಗಿತ್ತಿ ತನಗೊಂದು ಅಗಲವಾದ ಹುಲ್ಲಿನ ಟೋಪಿ ತೆಗೆದುಕೊಂಡಳು. ವಾಪಸು ಬರುವಾಗ ಅದು ಆಟೊದಲ್ಲಿ ಮೂರನೆಯ ಪ್ರಯಾಣಿಕನಂತೆ ಕೂತಿತ್ತು. ಹೆಣೆದ ಬುಟ್ಟಿಯಂಥ ಒಂದು ಬ್ಯಾಗನ್ನೂ ಕೊಂಡಳು. ಮೊಬೈಲು ಇಟ್ಟರೆ ಕನ್ನಡಕ ಹಿಡಿಸದು, ಕನ್ನಡಕ ಇಟ್ಟರೆ ಮೊಬೈಲು ಕೈಯಲ್ಲಿ. ಅದಕ್ಕೇ ತಂಪು ಕನ್ನಡಕವನ್ನು ಜನ ತಲೆಯ ಮೇಲೆ ಏರಿಸಿಕೊಂಡು ಓಡಾಡುತ್ತಾರೆಂದು ಈಗ ತಿಳಿಯಿತು.

ಚಪ್ಪಲಿಯ ಮಟ್ಟಿಗೆ ನಾನು ಯಾರ ಮಾತೂ ಕೇಳುವುದಿಲ್ಲ, ನನ್ನದು ಕೊಲ್ಹಾಪುರಿ. ಹೆಸರು ಮಾತ್ರ ಆಚೆಯದು. ಅಥಣಿ, ನಿಪ್ಪಾಣಿ ಕಡೆಯ ಮನೆಮನೆಗಳಲ್ಲಿ ಇವನ್ನು ಹೊಲಿಯುತ್ತಾರೆ. 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಕ್ಕೂ ಸಿಕ್ಕಿತು. 2025ರ ಜೂನ್‌ನಲ್ಲಿ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ತನ್ನ ಮುಂದಿನ ಬೇಸಿಗೆಯ ಉಡುಪು ತೋರಿಸಿದಾಗ ಗಂಡು ಮಾಡೆಲ್‌ಗಳ ಕಾಲಲ್ಲಿ ಇದೇ ಅಚ್ಚಿನ ಚಪ್ಪಲಿ! ಮೊದಲು ಊರ ಹೆಸರೆತ್ತಲಿಲ್ಲ, ಗಲಾಟೆಯಾದ ಮೇಲೆ ಒಪ್ಪಿಕೊಂಡರು. ಆ ಹುಡುಗರು ವೇದಿಕೆಯ ಮೇಲೆ ಆರಾಮಾಗಿ ನಡೆದದ್ದನ್ನು ನೋಡಿದರೆ ಅವು ಹೊಸ ಕೊಲ್ಹಾಪುರಿ ಆಗಿರಲಿಕ್ಕಿಲ್ಲ ಅನ್ನಿಸುತ್ತದೆ. ಹೊಸದು ಮೊದಲ ವಾರ ಹೆಬ್ಬೆರಳ ಸಂದಿಯನ್ನು ಕಚ್ಚಿಯೇ ಸೈ. ರಾತ್ರಿ ಎಣ್ಣೆ ಸವರಿಟ್ಟು, ಬೆಳಗ್ಗೆ ತೊಟ್ಟು, ಬೈದು, ಮತ್ತೆ ಎಣ್ಣೆ ಸವರಿ ಒಲಿಸಿಕೊಳ್ಳಬೇಕು. ಒಲಿದ ಮೇಲೆ ವರ್ಷಗಟ್ಟಲೆ ಕರ್ರಕರ್ರ ಎನ್ನುತ್ತಾ ಜೊತೆಗೆ ಬರುತ್ತದೆ.

ಮದುವೆಗೆ ನಾಲ್ಕು ದಿನ ಮುಂಚೆ ಊರು ತಲುಪಿದೆವು. ಬಿಸಿಲು ಪತ್ರಿಕೆ ಕೊಟ್ಟು ಕರೆದವರಂತೆ ಬಸ್‌ಸ್ಟ್ಯಾಂಡಿಗೇ ಬಂದು ನಿಂತಿತ್ತು. ಅವ್ವ ಇಳಕಲ್ ಸೀರೆಯ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ನನ್ನ ಬೂದು ಅಂಗಿಯನ್ನು ಮೇಲಿಂದ ಕೆಳಗೆ ನೋಡಿದಳು. ಈ ನೋಟ ನನಗೆ ಗೊತ್ತು. ನಾನು ಸಣ್ಣವಳಿದ್ದಾಗ ಅವ್ವ ಅಂಗಡಿಯಲ್ಲಿ ಸೀರೆಯ ತುದಿಯಿಂದ ಒಂದು ಎಳೆ ಕಿತ್ತು, ದೇವರ ಫೋಟೊ ಮುಂದಿನ ಊದಿನಕಡ್ಡಿಗೆ ತಾಗಿಸಿ ಮೂಸುತ್ತಿದ್ದಳು. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಮಣಿಯಾದರೆ ಸೀರೆ ವಾಪಸ್. ಅಂಗಡಿಯ ಸಾವಕಾರರು ಅವ್ವನನ್ನು ಕಂಡರೆ ಊದಿನಕಡ್ಡಿ ಆರಿಸುತ್ತಿದ್ದರು.

"ಎಷ್ಟು ಕೊಟ್ಟಿ?"

"ಎಂಟುನೂರು" ಎಂದೆ. ಟೋಪಿಯ ಕೆಳಗಿನಿಂದ ವಾರಗಿತ್ತಿ ಕೆಮ್ಮಿದಳು.

ಅಷ್ಟರಲ್ಲಿ ಅವ್ವನ ಕೈ ಅಂಗಿಯ ಅಂಚಿಗೆ ಬಂದಾಗಿತ್ತು. ಎಳೆ ಕಿತ್ತಳು, ಒಲೆಯ ಪಕ್ಕದ ಕಡ್ಡಿಪೆಟ್ಟಿಗೆ ತಂದು ಗೀರಿದಳು. ಎಳೆ ಚುರುಗುಟ್ಟಿ ಉರಿದು ಬೂದಿಯಾಯಿತು. ಕಣ್ಣು ಮುಚ್ಚಿ ಮೂಸಿದಳು. ಪರೀಕ್ಷೆಯ ಫಲಿತಾಂಶಕ್ಕೆ ನಿಂತಂತೆ ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು.

"ಅರಿವಿ ಚಲೋ ಐತಿ" ಅಂದಳು. ಆಮೇಲೆ ನನ್ನ ಗಲ್ಲ ಹಿಡಿದು, ಕರಗಿ ಹೋದ ದನಿಯಲ್ಲಿ, "ಆದ್ರ ಯವ್ವಾ, ಇಸ್ತ್ರಿ ಮಾಡಿಸ್ಕೊಳ್ಳಾಕೂ ರೊಕ್ಕ ಇರಲಿಲ್ಲೇನು?"